ನಮ್ಮ ಷಡ್ಡಕರ ಪರದೇಶಿ ಪುರಾಣ

ನಮ್ಮ ಷಡ್ಡಕರು ಕಳೆದ ಒಂದು ವರ್ಷದಲ್ಲಿ ಫ್ರೆಂಚ್, ಜರ್ಮನ್, ಪೋರ್ಚುಗೀಸ್, ರಷ್ಯನ್ ಹೀಗೆ ನಾಲ್ಕು ಭಾಷೆಗಳ ಪುಸ್ತಕಗಳನ್ನು ಓದಿ ಮುಗಿಸಿದರು. ಈ ನಾಲ್ಕರಲ್ಲಿ ಒಂದು ಭಾಷೆಯೂ ಅವರಿಗೆ ಬರುವುದಿಲ್ಲ. ಇದೇನು ಮಹಾ ಎನ್ನುತ್ತೀರಾ? ಹಾಗಾದರೆ ಇನ್ನೊಂದು ಕೇಳಿ. ಅವರು ಓದಿದ ಅಷ್ಟೂ ಪುಸ್ತಕಗಳ ಅರ್ಥ ಬಿಡಿಸಿ ಹೇಳಿದವನು ನಾನು. ನನಗೂ ಬರುವುದಿಲ್ಲ.

ವಯಸ್ಸಾದ ಮೇಲೆ ಮನುಷ್ಯ ಪಾಪ ತೊಳೆಯಲು ಕಾಶಿಗೆ ಹೋಗುತ್ತಾನೆ. ನನಗೆ ಮೊಣಕಾಲು ನೋವು. ಅದಕ್ಕೆ ಇಲ್ಲೇ ಕುಳಿತು ಬರೆದು ತೊಳೆದುಕೊಳ್ಳುತ್ತಿದ್ದೇನೆ.

ಅವರ ಹೆಂಡತಿ, ನನ್ನ ಹೆಂಡತಿ ಅಕ್ಕತಂಗಿಯರು. ಷಡ್ಡಕ ಸಂಬಂಧ ಎಂಥದು ಗೊತ್ತಲ್ಲ? ಮಾವನ ಮನೆಯಿಂದ ದೀಪಾವಳಿಗೆ ಇಬ್ಬರಿಗೂ ಒಂದೊಂದು ಧೋತರ ಬಂದರೆ ಯಾರದರ ಅಂಚು ಅಗಲ ಎಂದು ಜೀವಮಾನವಿಡೀ ಅಳೆಯುವ ಸಂಬಂಧ. ಅವರದು ಅಗಲವಿತ್ತು. ನಾನು ಅದನ್ನು ಎಂದೋ ಮರೆತಿದ್ದೇನೆ.

ನನ್ನವಳು ತೀರಿಕೊಂಡು ಎರಡು ವರ್ಷ ದಾಟಿತ್ತು. ಅಕ್ಕತಂಗಿಯರಲ್ಲಿ ಒಬ್ಬಳು ಹೋದರೆ ಷಡ್ಡಕರಿಬ್ಬರು ಗಾಡಿ ಇಲ್ಲದ ಎರಡು ಗಾಲಿಗಳ ಹಾಗೆ. ಒಂದೊಂದು ಗೋಡೆಗೆ ಒಂದೊಂದು ಆನಿಸಿಟ್ಟಂತೆ ಇದ್ದೆವು. ನಾನು ನಮ್ಮ ಹಳ್ಳಿ ಭೋಜದಲ್ಲಿ ಕಬ್ಬು, ಮಗ, ಸೊಸೆ ಎಂದುಕೊಂಡು. ಅವರು ನಿಪ್ಪಾಣಿಯಲ್ಲಿ ತಮ್ಮ ತುಂಬಿದ ಮನೆಯಲ್ಲಿ.

ಷಡ್ಡಕರು ದುಡಿಯುವ ಕಾಲವೆಲ್ಲ ತಂಬಾಕಿನ ಗೋದಾಮಿನಲ್ಲಿದ್ದವರು. ಎಲೆಯನ್ನು ಮೂಗಿಗೆ ಹಿಡಿದು ಹದ ಹೇಳುವುದು ಅವರ ಕೆಲಸ. ಅವರು ಒಮ್ಮೆ ಮೂಸಿ 'ಚೊಲೋ ಐತಿ' ಎಂದರೆ ಆ ಗಂಟನ್ನು ಎರಡನೆಯವರು ಬಿಚ್ಚಿ ನೋಡುತ್ತಿರಲಿಲ್ಲ. ಅಂಥ ಮಾತಿನ ಮನುಷ್ಯ. ಕೆಲಸ ಬಿಟ್ಟ ಮೇಲೂ ಮೂಗು ಕೆಲಸ ಬಿಡಲಿಲ್ಲ. ಬೀಗರ ಮನೆಯ ಪಾಯಸವನ್ನು ಮೊದಲು ಮೂಸುತ್ತಿದ್ದರು. ಲಗ್ನಪತ್ರಿಕೆ ಬಂದರೆ ಮೂಸುತ್ತಿದ್ದರು. ಹೀಗಾಗಿ ಪುಸ್ತಕ ಕೈಗೆ ಬಂದಾಗ ಅವರು ಏನು ಮಾಡಿರಬಹುದೆಂದು ನೀವೇ ಊಹಿಸಿ.

ಗೋವಾದ ಕಡೆ ಯಾವುದೋ ಹಳೆಯ ಲಾಡ್ಜ್ ಮುಚ್ಚಿ, ಅಲ್ಲಿ ಇಳಿದುಕೊಂಡ ಪರದೇಶದವರು ಬಿಟ್ಟುಹೋಗಿದ್ದ ಪುಸ್ತಕಗಳು ನಿಪ್ಪಾಣಿಯ ರದ್ದಿ ಅಂಗಡಿಗೆ ಬಂದವು. ಅಂಗಡಿಯ ಚಾಚಾ ಅವರ ಹಳೆಯ ಸ್ನೇಹಿತ. ಷಡ್ಡಕರು ಅರ್ಧ ಚೀಲ ಆರಿಸಿ ತಂದರು. ಆರಿಸಿದ್ದು ಹೇಗೆ? ಮೂಸಿ. 'ಇದು ಅಳೂ ಪುಸ್ತಕ', 'ಇದು ಜಗಳದ್ದು', 'ಇದಕ್ಕ ಇನ್ನೂ ಹದ ಬಂದಿಲ್ಲ, ಇರಲಿ ಬಿಡು.'

ನನಗೆ ಫೋನು ಬಂತು. ಹೋದೆ.

"ಅಣ್ಣಾರ, ಕನ್ನಡ ಮರಾಠಿ ಪುಸ್ತಕ ಎಲ್ಲಾ ಬಿಟ್ಟು ಇವ್ಯಾಕ್ರಿ?"

ಅವರು ಜಗುಲಿಯ ಎಡಕ್ಕೂ ಬಲಕ್ಕೂ ನೋಡಿ ದನಿ ತಗ್ಗಿಸಿದರು. "ಕನ್ನಡ ಪುಸ್ತಕ ಹಿಡಕೊಂಡು ಹೊರಗ ಕುಂತ್ರ ಈ ಮನಿಯಾಂವ, 'ಕಾಯ್ ಕಾಕಾ, ಪಾರ್ಟಿ ಬದಲ್ಲಿ ಕಾಯ್' ಅಂತಾನ, ಪಕ್ಷ ಬದಲಿಸಿದ್ರೇನು ಅಂತ. ಮರಾಠಿ ಹಿಡಕೊಂಡ್ರ ಆ ಮನಿಯಾಂವ, 'ಯಾಕ್ರಿ ಕಾಕಾ, ಕನ್ನಡದಾಗ ಪುಸ್ತಕ ಮುಗದಾವೇನ್ರಿ' ಅಂತಾನ. ಗಡಿ ಜಗಳ ನನ್ನ ತೊಡಿ ಮ್ಯಾಲ ಯಾಕ? ಇಬ್ಬರದೂ ಅಲ್ಲದ್ದು ಓದೂಣು."

ಆ ಉಪಾಯ ಫಲಿಸಿತೆಂದೇ ಹೇಳಬೇಕು. ಫ್ರೆಂಚ್ ಪುಸ್ತಕ ನೋಡಲು ಎಡಮನೆಯವನೂ ಬಲಮನೆಯವನೂ ಒಂದೇ ಸಲಕ್ಕೆ ಜಗುಲಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

"ತಮ್ಮಾ, ನಿನಗ ಇಂಗ್ಲೀಷ್ ಬರ್ತೈತಲ್ಲ?" ಎಂದರು ಷಡ್ಡಕರು.

"ಇದು ಇಂಗ್ಲೀಷ್ ಅಲ್ರಿ."

"ಅಕ್ಷರ ಅವ ಅದಾವಿಲ್ಲೊ? ಹಿಂದಿಗೂ ಮರಾಠಿಗೂ ಅಕ್ಷರ ಒಂದ. ಹಿಂದಿ ಬಂದಾವಗ ಮರಾಠಿ ತಿಳಿಯೂದಿಲ್ಲೇನು?"

ಆಗ ನಾನು 'ಬರೂದಿಲ್ರಿ' ಎಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲು ಮುಗಿಸಿದವನು. ಇಂಗ್ಲಿಷಿನಲ್ಲಿ ಪಾಸಾದದ್ದು ನನಗಿಂತ ಹೆಚ್ಚಾಗಿ ಮಾಸ್ತರರಿಗೆ ಆಶ್ಚರ್ಯ ತಂದಿತ್ತು. ಆದರೆ ಷಡ್ಡಕರ ಮುಂದೆ, ಅದೂ ಎರಡು ಮನೆಯ ನೆರೆಯವರು ನಿಂತಿರುವಾಗ, ಬರುವುದಿಲ್ಲ ಎನ್ನುವುದೆ? ಅಗಲ ಅಂಚಿನ ಆ ಧೋತರ ಕಣ್ಣ ಮುಂದೆ ಬಂತು. "ಸ್ವಲ್ಪ ಸ್ವಲ್ಪ ತಿಳೀತೈತ್ರಿ" ಎಂದುಬಿಟ್ಟೆ.

"ಆತು ಬಿಡು. ಪುರಾಣ ಹಚ್ಚೂಣು."

ಶ್ರಾವಣದಲ್ಲಿ ನಮ್ಮ ಕಡೆ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪುಸ್ತಕ ಹಿಡಿದು ರಾಗವಾಗಿ ಓದುವುದು, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುವುದು. ಇದಕ್ಕೆ ಕಟ್ಟಳೆಗಳಿವೆ. ಓದುವವನು ಅರ್ಥ ಹೇಳುವವನನ್ನು ನಡುವೆ ಶಂಕಿಸಬಾರದು. ಹಚ್ಚಿದ ಪುರಾಣವನ್ನು ಅರ್ಧಕ್ಕೆ ಬಿಡಬಾರದು. ಅರ್ಥ ಹೇಳುವವನು ಜನರಿಗೆ ತಿಳಿಯಲೆಂದು ನಡುನಡುವೆ ದೃಷ್ಟಾಂತ ಸೇರಿಸಬಹುದು. ಈ ಮೂರನೆಯ ಕಟ್ಟಳೆಯ ಸಂದಿನಲ್ಲೇ ನನ್ನ ಪಾಪ ಒಳಗೆ ನುಗ್ಗಿದ್ದು.

ದಿನ ಬಿಟ್ಟು ದಿನ, ಮಧ್ಯಾಹ್ನದ ಚಹಾ ಆದ ಮೇಲೆ ನಡುಮನೆಯಲ್ಲಿ ಪುರಾಣ. ಷಡ್ಡಕರು ಫ್ರೆಂಚನ್ನು ಶ್ರಾವಣದ ರಾಗದಲ್ಲೇ ಎತ್ತಿದರು. ಫ್ರೆಂಚಿನಲ್ಲಿ ಬರೆದ ಅಕ್ಷರಗಳನ್ನೆಲ್ಲ ಉಚ್ಚರಿಸುವುದಿಲ್ಲವಂತೆ ಎಂದು ನಾನು ಎಲ್ಲಿಯೋ ಕೇಳಿದ್ದನ್ನು ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. "ಶಾಯಿ ಖರ್ಚು ಮಾಡಿ ಅಚ್ಚು ಹಾಕ್ಯಾರ. ಬಿಡಾಕ ನಾವ್ಯಾರು?" ಎಂದು ಒಂದಕ್ಷರ ಬಿಡದೆ ಓದಿದರು.

ಒಳಗಿನಿಂದ ಅವರ ಹೆಂಡತಿ, ನಾನು ಅಕ್ಕಾರ ಎಂದು ಕರೆಯುವವರು, ಮೆಂತೆ ಸೊಪ್ಪಿನ ಬುಟ್ಟಿ ಹಿಡಿದು ಬಂದು ಕುಳಿತರು.

"ಇದೇನ್ರಿ, ಗಂಟಲದಾಗ ಏನರ ಸಿಕ್ಕೈತೇನು?"

"ಫ್ರೆಂಚ್ ಇದು."

"ಹೌದ? ಅರಿಷಿಣ ಹಾಕಿ ಬಿಸಿ ಹಾಲ ಕೊಡ್ಲೇನು?"

ಮೊದಮೊದಲು ನಾನು ಪ್ರಾಮಾಣಿಕನೇ ಆಗಿದ್ದೆ. ಇದನ್ನು ದಯವಿಟ್ಟು ನೆನಪಿಡಿ. ಅಕ್ಷರಗಳ ಮುಂದೆ ಹಿಡಿದರೆ ಕನ್ನಡದಲ್ಲಿ ಹೇಳುವ ಏನನ್ನೋ ನನ್ನ ಸೊಸೆ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದಳು. ಅದು ಹೇಳಿದ್ದನ್ನೇ ನಾನು ಹೇಳುತ್ತಿದ್ದೆ. ಮೊದಲ ದಿನ ಅದು ಹೇಳಿದ್ದು: 'ಆಕೆಯ ಮೌನವು ಮೇಜಿನ ಮೇಲೆ ಇತ್ತು ಮತ್ತು ಅವನು ಅದನ್ನು ತಿಂದನು.'

ಅಕ್ಕಾರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಮೌನ ತಿಂದ್ನಾ? ಊಟಕ್ಕ ಏನೂ ಮಾಡಿರಲಿಲ್ಲೇನು ಆ ಮನಿಯಾಗ?"

ಇನ್ನೊಂದು ತೊಡಕು ನೆಟ್‌ವರ್ಕಿನದು. ಆ ಮನೆಯ ಕಲ್ಲುಗೋಡೆ ಬಲು ದಪ್ಪ. ನಡುಮನೆಯಲ್ಲಿ ಮೊಬೈಲು ಸತ್ತಂತಿರುತ್ತಿತ್ತು. ಜೀವ ಬರಬೇಕೆಂದರೆ ಹಿತ್ತಿಲ ಬಾಗಿಲಿಗೆ ಹೋಗಬೇಕು. ನಾನು ಪುಟಕ್ಕೊಮ್ಮೆ ಗುಟ್ಟಾಗಿ ಅದರ ಫೋಟೊ ಹಿಡಿದು, 'ಈಗ ಬಂದೆ' ಎಂದು ಎದ್ದು ಹೋಗುತ್ತಿದ್ದೆ.

"ಪಂಡಿತರು ಯಾಕ ಸಾರೆಸಾರೆಗೆ ಹಿತ್ತಲಕ್ಕ ಹೋಗಾಕತ್ತಾರ?" ಎಂದರು ಷಡ್ಡಕರು. ಪುರಾಣದ ಹೊತ್ತಿಗೆ ನಾನು ಪಂಡಿತ.

"ವಯಸ್ಸಾತಲ್ರಿ. ಸಕ್ಕರಿ ಕಾಯಿಲೆ ಇದ್ದೀತು" ಎಂದರು ಅಕ್ಕಾರು.

ಮರುಸಲ ಹೋದಾಗ ನನ್ನ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಕಬ್ಬು ಬೆಳೆಯುವವನಿಗೆ ಸಪ್ಪೆ ಚಹಾ! ಅದೂ ಷಡ್ಡಕರ ಮನೆಯಲ್ಲಿ! ಎರಡು ದಿನ ತಡೆದೆ. ಮೂರನೆಯ ದಿನದಿಂದ ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟೆ. ಸಕ್ಕರೆ ಮರಳಿ ಬಂತು, ಸತ್ಯ ಹೋಯಿತು. ಹೊಸ ಪುಸ್ತಕದ ಮೊದಲ ಪುಟದ ಫೋಟೊ ಮನೆಗೆ ಒಯ್ದು, ಮೊಬೈಲು ಕೊಟ್ಟ ಒಂದೆರಡು ಸಾಲನ್ನು ಬೀಜದ ಹಾಗೆ ಇಟ್ಟುಕೊಂಡು ಉಳಿದ ಫಸಲನ್ನು ನಾನೇ ಬೆಳೆಯತೊಡಗಿದೆ.

ಜರ್ಮನ್ ಪುಸ್ತಕದಲ್ಲಿ ಒಬ್ಬ ಮನುಷ್ಯ ಕಿಟಕಿಯ ಬಳಿ ಕುಳಿತು ವಿಚಾರ ಮಾಡುತ್ತಾನೆ. ಮಾಡುತ್ತಾನೆ, ಮಾಡುತ್ತಲೇ ಇರುತ್ತಾನೆ. ಷಡ್ಡಕರ ಸೊಸೆಯಂದಿರು ತೂಕಡಿಸಿದರು. ನಾನು ಒಂದು ದೃಷ್ಟಾಂತ ಸೇರಿಸಿದೆ: ಕಿಟಕಿಯಾಚೆ ಅವನ ಕಬ್ಬು ಹೂವು ಬಿಟ್ಟು ನಿಂತಿದೆ, ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಪಾಳಿ ಬಂದಿಲ್ಲ, ಕಡಿಯುವ ಗ್ಯಾಂಗಿನವರು ಫೋನು ಎತ್ತುತ್ತಿಲ್ಲ, ಅದೇ ಅವನ ವಿಚಾರ.

ಷಡ್ಡಕರು ಪುಸ್ತಕ ಮುಚ್ಚಿದರು. "ಜರ್ಮನ್ಯಾಗೂ ಪಾಳಿ ತಡ ಆಗ್ತೈತೇನು?"

"ಆಗ್ತೈತ್ರಿ."

"ಅಷ್ಟು ಮುಂದುವರಿದ ದೇಶದಾಗ?"

"ದೇಶ ಮುಂದುವರದೈತಿ ಅಂತ ಕಬ್ಬಿಗೆ ಯಾರ್ ಹೇಳಬೇಕ್ರಿ?"

ಅವರು ಬಹಳ ಹೊತ್ತು ತಲೆದೂಗಿದರು. ಪೋರ್ಚುಗೀಸ್ ಪುಸ್ತಕದಲ್ಲಿ ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಕೋರ್ಟು ಹತ್ತಿದರು. ಅದು ನಮ್ಮ ಮನೆಯದೇ ಬದು, ವಕೀಲರೂ ನಮ್ಮವರೇ. ರಷ್ಯನ್ ಪುಸ್ತಕದ ಅಕ್ಷರಗಳು ಮಾತ್ರ ಷಡ್ಡಕರಿಗೆ ಓದಲು ಬರಲಿಲ್ಲ. ಅವರು ಹೆದರಿಯಾರೆ? "ಓದಾಕ ಬರದಿದ್ರ ದರ್ಶನ ಮಾಡೂಣು" ಎಂದು ಪ್ರತಿ ಪುಟವನ್ನೂ ಮೇಲಿಂದ ಕೆಳಗೆ ನೋಡಿ, ಕೈ ಮುಗಿದು ಮಗುಚಿದರು. ಓದದೇ ಇದ್ದದ್ದಕ್ಕೂ ನಾನು ಅರ್ಥ ಹೇಳಿದೆ. ನಿಜ ಹೇಳಬೇಕೆಂದರೆ ಅದೇ ಸುಲಭ.

ಎಲ್ಲಕ್ಕಿಂತ ಉದ್ದವಾಗಿ ನಡೆದದ್ದು ಎರಡನೆಯ ಫ್ರೆಂಚ್ ಪುಸ್ತಕ. ದೀಪಾವಳಿಯ ಸುಮಾರಿಗೆ ಹಚ್ಚಿದ್ದು ಹೋಳಿ ಹುಣ್ಣಿಮೆ ದಾಟಿತು. ಮೊಬೈಲು ಹೇಳಿದ್ದು ಇಷ್ಟೇ: ಒಬ್ಬ ಹೆಂಗಸು ಕೈಯಲ್ಲಿ ಚೀಲ ಹಿಡಿದು ರೈಲಿನಿಂದ ಇಳಿದಳು. ಅವಳು ಅಕ್ಕನ ಮನೆಗೆ ಬಂದ ತಂಗಿ ಎಂದು ನಾನು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಬೇರೆ ಪುಸ್ತಕಗಳಿಗೆ ಭೋಜದಿಂದ ನಿಪ್ಪಾಣಿಯ ತನಕ ಬಸ್ಸಿನಲ್ಲಿ ಕುಳಿತು ಕಥೆ ಹೊಸೆಯಬೇಕಾಗುತ್ತಿತ್ತು. ಈ ತಂಗಿಯ ವಿಷಯದಲ್ಲಿ ಹಾಗಲ್ಲ. ಷಡ್ಡಕರು ರಾಗ ನಿಲ್ಲಿಸಿ "ಪಂಡಿತರ, ಅರ್ಥ ಆಗಲಿ" ಎನ್ನುವುದೇ ತಡ, ಅವಳು ತಾನಾಗಿ ಎದ್ದು ಬರುತ್ತಿದ್ದಳು, ನಡೆಯುತ್ತಿದ್ದಳು, ಯಾರನ್ನೋ ಬೈಯುತ್ತಿದ್ದಳು. ಅಕ್ಕಾರು ಮೆಂತೆಯ ಬುಟ್ಟಿ ತರುವುದನ್ನು ಬಿಟ್ಟರು. ನಾನು ಚಪ್ಪಲಿ ಕಳಚುವ ಮೊದಲೇ ಕೇಳುತ್ತಿದ್ದರು: "ಆ ತಂಗಿ ಇವತ್ತ ಏನ್ ಮಾಡ್ತಾಳ್ರಿ?"

ಹೀಗೆ ವರ್ಷ ತುಂಬಿತು. ಒಂದು ದಿನ ಷಡ್ಡಕರೇ ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಭೋಜಕ್ಕೆ ಬಂದರು. ಮುಖ ಅರಳಿತ್ತು. ನಿಪ್ಪಾಣಿಯ ವಾಚನಾಲಯದವರು ತಮ್ಮ ವಾರ್ಷಿಕ ಕೂಟದಲ್ಲಿ ಮಾತಾಡಲು ಅವರನ್ನು ಕರೆದಿದ್ದರು. ವಿಷಯ: ಪರದೇಶದ ಪುಸ್ತಕಗಳ ಜೊತೆ ಒಂದು ವರ್ಷ.

"ಏನ್ ಹೇಳ್ತೀರಿ ಅಣ್ಣಾರ?"

"ಜಗತ್ತಿನ ಮನಿಷ್ಯಾ ಒಬ್ಬನ ಅಂತ. ಬಾಯಿಮಾತಲ್ಲ ಮತ್ತ, ಪುರಾವೆ ಕೊಡಾಂವ. ಜರ್ಮನ್ಯಾಂವನ ಕಬ್ಬು, ಪೋರ್ಚುಗೀಸರ ಬದು, ಎಲ್ಲಾ ತಗೀತೀನಿ. ಅರ್ಥ ಪಂಡಿತರದು ಅಂತ ನಿನ್ನ ಹೆಸರೂ ಹೇಳ್ತೀನಿ. ಕೊಲ್ಹಾಪುರದಿಂದ ಫ್ರೆಂಚ್ ಕಲಿಸೂ ಟೀಚರ್ ಬಾಯಾರೊಬ್ಬರು ಬರಾಕತ್ತಾರಂತ. ಅವರ ಮುಂದ ಒಂದು ಪುಟ ರಾಗ ಹಚ್ಚಿ ಓದಾಂವ."

ಅವರು ಹೋದ ಮೇಲೆ ಮೊಬೈಲನ್ನು ಕೇಳಿದೆ. ಜರ್ಮನಿಯಲ್ಲಿ ಸಕ್ಕರೆಯನ್ನು ಬೀಟ್‌ರೂಟಿನಂಥ ಗಡ್ಡೆಯಿಂದ ಮಾಡುತ್ತಾರಂತೆ. ಇಡೀ ದೇಶ ಹುಡುಕಿದರೂ ಕಬ್ಬಿನ ಗದ್ದೆ ಸಿಗಲಿಕ್ಕಿಲ್ಲ.

ಜೀವಮಾನದಲ್ಲಿ ಒಬ್ಬರೂ ಅವರ ಮಾತನ್ನು ಎರಡನೆಯ ಸಲ ಬಿಚ್ಚಿ ನೋಡಿರಲಿಲ್ಲ. ಅಂಥವರು ಈಗ ಊರಿನ ಮುಂದೆ ನಿಂತು ನನ್ನ ಸುಳ್ಳನ್ನು ತಮ್ಮ ಬಾಯಿಂದ ಹೇಳುವವರಿದ್ದರು. ಜನ ನಗುವುದು ಅವರನ್ನು ನೋಡಿ. ಹೇಳಿಬಿಡಬೇಕೆಂದು ಒಮ್ಮೆ ಹೋದೆ, ಚಹಾ ಕುಡಿದು ಬಂದೆ. ಮತ್ತೊಮ್ಮೆ ಹೋದೆ, ಊಟ ಮಾಡಿ ಬಂದೆ. ಕೂಟದ ಹಿಂದಿನ ದಿನ ಮಧ್ಯಾಹ್ನ ಹೋದಾಗ ಅವರು ಕನ್ನಡಿಯ ಮುಂದೆ ನಿಂತು 'ಸಭಿಕರೇ' ಎನ್ನುವುದನ್ನು ರೂಢಿ ಮಾಡುತ್ತಿದ್ದರು.

"ಅಣ್ಣಾರ, ನನಗ ಫ್ರೆಂಚ್ ಬರೂದಿಲ್ರಿ."

"ಸ್ವಲ್ಪ ಸ್ವಲ್ಪ ಬರ್ತೈತಲ್ಲ?"

"ಸ್ವಲ್ಪಾನೂ ಇಲ್ರಿ. ಯಾವುದೂ ಬರೂದಿಲ್ಲ."

ಅವರು ತಿರುಗಿ ಕುಳಿತರು. ಒಂದೊಂದೇ ಕೇಳಿದರು.

"ಜರ್ಮನ್ಯಾಂವನ ಕಬ್ಬು?"

"ನನ್ನ ಕಬ್ಬರಿ ಅದು."

"ಪೋರ್ಚುಗೀಸರ ಬದು?"

"ನಮ್ಮ ಅಣ್ಣನ ಜೋಡಿ ಜಗಳ ಇತ್ತಲ್ರಿ, ಅದ."

"ರಷ್ಯಾದಾಂವ? ಅರಿಬಿ ಒಗ್ಯಾಕ ಹೋಗಿ ಹೊಳಿಯಾಗ ಚಸ್ಮಾ ಬಿಟ್ಟಾಂವ?"

"ಅದೂ ನಾನರಿ."

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವರ್ಷ ಪೂರ್ತಿ ಊರೆಲ್ಲಾ ಹೇಳ್ಕೋತ ತಿರಿಗೀನಿ" ಎಂದರು. ಆಮೇಲೆ ನನ್ನ ಕಡೆ ನೋಡದೆ, "ಭೋಜದ ಬಸ್ ಐತಿ ಈಗ. ಹೋಗು" ಎಂದರು.

ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕಾರು ನಿಂತಿದ್ದರು, ಕೈಗೆ ಹಿಟ್ಟು ಮೆತ್ತಿತ್ತು.

"ಅವರು ಎಲ್ಲೂ ಹೋಗೂದಿಲ್ಲ" ಎಂದು ಗಂಡನಿಗೆ ಹೇಳಿದರು. "ನಿಮಗ ಇವತ್ತ ಗೊತ್ತಾತು. ನನಗ ಯಾವಾಗಲೋ ಗೊತ್ತಿತ್ತು."

"ಏನ್ ಗೊತ್ತಿತ್ತು ನಿನಗ?"

"ಕಿಡಕಿ ಬಾಜೂಕ ಜಾಗಾ ಸಿಗಲಿಲ್ಲಂತ ಬಂದ ರೈಲು ಬಿಟ್ಟು ಮುಂದಿನ ರೈಲಿಗೆ ಕುಂತ್ಲಂತ ಆ ಫ್ರಾನ್ಸದ ತಂಗಿ. ಅಂಥಾ ಹುಚ್ಚಿ ನಾ ಒಬ್ಬಾಕಿನ್ನ ನೋಡೀನಿ. ಆಕಿ ಸಲವಾಗಿ ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ನಾ ಎಷ್ಟು ಬಸ್ ಬಿಟ್ಟೀನೋ. ಮತ್ತ ಹೊಸಾ ಸೀರಿ ಉಟ್ಟ ಕೂಡ್ಲೆ ಮೊದಲ ಹೋಗಿ ಎಮ್ಮಿಗೆ ತೋರಿಸಿ ಬರ್ತಾಳಂತ. ಫ್ರಾನ್ಸದಾಗ ಎಮ್ಮಿಗೆ ಯಾರ್ ಸೀರಿ ತೋರಸ್ತಾರ್ರಿ? ನನ್ನ ತಂಗಿ ತೋರಸ್ತಿದ್ಲು."

ಷಡ್ಡಕರು ನನ್ನನ್ನು ನೋಡಿದರು. ನಾನು ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯ ತನಕ ಅದು ನನಗೂ ಗೊತ್ತಿರಲಿಲ್ಲ.

"ಗೊತ್ತಿದ್ದೂ ಸುಮ್ಮನ ಯಾಕ ಕುಂತಿ?" ಎಂದು ಷಡ್ಡಕರು ಹೆಂಡತಿಯನ್ನು ಕೇಳಿದರು. ದನಿ ಇಳಿದಿತ್ತು.

"ಅಂದಿದ್ರ ಇವರು ನಿಲ್ಲಿಸಿಬಿಡ್ತಿದ್ರು. ಆಕಿ ಬರೂದು ನಿಲ್ತಿತ್ತು." ಅಷ್ಟು ಹೇಳಿ ಅವರು ರೊಟ್ಟಿ ಬಡಿಯಲು ಒಳಗೆ ಹೋದರು.

ಷಡ್ಡಕರು ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡರು. ಆಮೇಲೆ ಒಂದೇ ಮಾತು: "ನಾಳೆ ಬಾ. ಮುಂದ ಕುಂದ್ರು."

ಮರುದಿನ ವಾಚನಾಲಯ ತುಂಬಿತ್ತು. ಕೊಲ್ಹಾಪುರದ ಬಾಯಾರು ಮುಂದಿನ ಸಾಲಿನಲ್ಲಿದ್ದರು, ನಾನು ಅವರಿಂದ ಎರಡು ಕುರ್ಚಿ ಆಚೆ. ಷಡ್ಡಕರು ಇಸ್ತ್ರಿ ಮಾಡಿದ ಧೋತರದಲ್ಲಿ ಎದ್ದು ನಿಂತರು. 'ಸಭಿಕರೇ' ಎನ್ನುವುದನ್ನು ಮರೆತರು.

"ಒಂದು ವರ್ಷ ನಾಕು ಭಾಷಾದಾಗ ಓದಿನ್ರಿ. ಏನೂ ತಿಳಿಲಿಲ್ಲ."

ಜನ ನಕ್ಕರು.

"ಅರ್ಥ ಹೇಳಾಕ ಕುಂತಾವಗೂ ತಿಳಿಲಿಲ್ರಿ."

ಜನ ಇನ್ನೂ ನಕ್ಕರು. ನಾನು ನನ್ನ ಚಪ್ಪಲಿಗಳನ್ನು ನೋಡಿಕೊಂಡೆ. ಅವು ಎಂಥ ಹಳೆಯವಾಗಿದ್ದವು!

"ಜಗತ್ತಿನ ಮನಿಷ್ಯಾ ಒಬ್ಬನೋ ಹತ್ತು ಮಂದಿಯೋ, ನನಗ ಗೊತ್ತಿಲ್ಲ. ಒಂದು ಕಥಿ ಮಾತ್ರ ತಲಿಯಾಗ ಉಳದೈತಿ. ಅದನ್ನ ಹೇಳಿ ಕುಂದರ್ತೀನಿ."

ಅವರು ಆ ತಂಗಿಯ ಕಥೆ ಹೇಳಿದರು. ಕನ್ನಡದಲ್ಲಿ ಹೇಳುತ್ತ ಹೇಳುತ್ತ ಮರಾಠಿಗೆ ಹೋದರು, ಮರಾಠಿಯಿಂದ ಕನ್ನಡಕ್ಕೆ ಬಂದರು, ಎಡಮನೆಯವನೂ ಬಲಮನೆಯವನೂ ತಕರಾರು ಎತ್ತಲಿಲ್ಲ. ನಾನು ಹೇಳಿದ್ದರಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ. ಎಮ್ಮೆಯ ಭಾಗಕ್ಕೆ ಸಭೆಯೆಲ್ಲ ನಕ್ಕಿತು. ನಾನು ಹೇಳದೇ ಇದ್ದದ್ದೂ ಒಂದೆರಡು ಬಂದವು. ಅಕ್ಕನ ಗಂಡನಿಗೆ ಜ್ವರ ಬಂದಾಗ ಆ ತಂಗಿ ಮಳೆಯಲ್ಲಿ ನಡೆದು ಬಂದು ಗಂಜಿ ಮಾಡಿಟ್ಟು, ತನ್ನ ಗಂಡನಿಗೆ ಹೇಳಬೇಡಿರೆಂದು ಹೋದದ್ದು ನನಗೆ ಅಂದೇ ತಿಳಿದದ್ದು. ಅವಳು ತೀರಿಕೊಂಡ ಭಾಗಕ್ಕೆ ಬರುವ ಮೊದಲೇ ಅವರು ಮಾತು ನಿಲ್ಲಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಇನ್ನೂ ಇದೆ ಎಂದು ಕಾಯುತ್ತ ಕುಳಿತಿದ್ದರು.

ಕೊಲ್ಹಾಪುರದ ಬಾಯಾರು ಎದ್ದು ನಿಂತು, ತಾವು ಈ ಕಥೆ ಎಲ್ಲೂ ಓದಿಲ್ಲ, ಆ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಮರಾಠಿಯಲ್ಲಿ ಕೇಳಿದರು.

ಷಡ್ಡಕರು ಒಂದು ಗಳಿಗೆ ನನ್ನ ಕಡೆ ನೋಡಿದರು.

"ಇನ್ನ ಸಿಗೂದಿಲ್ರಿ ಬಾಯಾರ" ಎಂದರು. "ಒಂದ ಪ್ರತಿ ಇತ್ತು."